ಬೆಕ್ಕು ಓದಿದ ಲೇಬಲ್ಲು

ಪೆರಂಬೂರಿನಲ್ಲಿ ಮೂವತ್ತು ವರ್ಷ ರೈಲು ಬೋಗಿಗಳ ಬೋಲ್ಟು ತಪಾಸಣೆ ಮಾಡಿ ನಿವೃತ್ತನಾದವನು ನಾನು. ಪರೀಕ್ಷಿಸದೆ ಏನನ್ನೂ ಮುಟ್ಟುವುದಿಲ್ಲ. ಆದರೂ ಪ್ರತಿಸಲ ಬೇಸ್ತು ಬೀಳುವವನು ನಾನೇ. ಈಚೆಗೆ ಡಾಕ್ಟರು, “ರಕ್ತದಲ್ಲಿ ಕೊಬ್ಬು ಏರಿದೆ. ಮೂರು ತಿಂಗಳಲ್ಲಿ ಇಳಿಯದಿದ್ದರೆ ತುಪ್ಪ ಬಂದ್” ಎಂದರು. ತುಪ್ಪವಿಲ್ಲದ ಪೊಂಗಲ್ ನೆನೆದು ಕಣ್ಣು ಒದ್ದೆಯಾಯಿತು. ಅಂದೇ ಆರೋಗ್ಯ ತಿನಿಸಿನ ಅಂಗಡಿ ಹುಡುಕಿಕೊಂಡು ಹೊರಟೆ.

೧. ಉಪ್ಪು

ನಮ್ಮದು ಈರುಳ್ಳಿಯನ್ನೂ ದೂರವಿಟ್ಟ ಮನೆ. ಅಂಗಡಿಯಲ್ಲಿ ಒಂದೊಂದು ಪೊಟ್ಟಣವನ್ನೂ ತಿರುವಿ ಹಸಿರು ಚುಕ್ಕೆ ಹುಡುಕತೊಡಗಿದೆ. ಮಾರುವ ಹುಡುಗಿ ಬಹಳ ಹೊತ್ತು ತಾಳಿಕೊಂಡಳು.

“ಸಾರ್, ಅದು ವೆರುಂ ಉಪ್ಪು ಸಾರ್” ಎಂದಳು ತಮಿಳಿನಲ್ಲಿ, ಬರೀ ಉಪ್ಪು ಅಂತ.

“ಎಲ್ಲಿಯ ಉಪ್ಪು?”

“ಕಡಲ್ ಉಪ್ಪು.”

“ಹಾಗಾದರೆ ನೋಡಲೇಬೇಕು. ಕಡಲಲ್ಲಿ ಏನೇನೋ ಈಜಾಡುತ್ತಿರುತ್ತದೆ” ಎಂದೆ.

ಮುಂದಿನ ವಾರ ಹೋದಾಗ ಅವಳು ಬುಟ್ಟಿಯ ಜೊತೆಗೆ ಒಂದು ಭೂತಗನ್ನಡಿಯನ್ನೂ ಕೈಗಿತ್ತಳು.

೨. ಬಾದಾಮಿ ಹಾಲು

ಹಾಲು ಬಿಟ್ಟು ಬಾದಾಮಿಯಿಂದ ತೆಗೆದ ಹಾಲು ತಂದೆ. ಅದನ್ನು ಫಿಲ್ಟರ್ ಕಾಫಿಗೆ ಹಾಕಿದರೆ ಚೂರುಚೂರಾಗಿ ಒಡೆದು ತೇಲಿತು. ಆ ಹೊತ್ತಿಗೆ ಭಾವಮೈದ ಬಂದ. ಒಬ್ಬನೇ ಯಾಕೆ ಕುಡಿಯಬೇಕೆಂದು ಅವನಿಗೂ ಒಂದು ಲೋಟ ಕೊಟ್ಟು, ಅದರ ಗುಣಗಳನ್ನು ಅರ್ಧ ಗಂಟೆ ವರ್ಣಿಸಿದೆ. ಪಾಪ, ಕಣ್ಣು ಮುಚ್ಚಿಕೊಂಡು ಕುಡಿದ. ಲೋಟ ಕೆಳಗಿಟ್ಟು ಮೆಲ್ಲಗೆ ಕೇಳಿದ:

“ಭಾವ, ಹೋದ ಸಲ ಬಂದಾಗ ನನ್ನಿಂದ ಏನಾದ್ರೂ ತಪ್ಪಾಯ್ತಾ?”

೩. ಸಾಧು ಬೆಕ್ಕು

ಅದೇ ಅಂಗಡಿಯಲ್ಲಿ ಹೃದಯಕ್ಕೆ ಒಳ್ಳೆಯದೆಂದು ಜೇನಿನ ಬಣ್ಣದ ಗುಳಿಗೆಗಳ ಒಂದು ಸೀಸೆ ಕೊಂಡಿದ್ದೆ. ದಿನಾ ಬೆಳಗ್ಗೆ ಸ್ನಾನ, ನಾಮ, ಆಮೇಲೆ ಎರಡು ಗುಳಿಗೆ.

ಕಾಸಿಮೇಡು ಬಂದರಿನಿಂದ ಮೀನಿನ ಗಾಡಿ ನಮ್ಮ ಬೀದಿಗೆ ಬಂದರೆ ನಾನು ಕಿಟಕಿ ಮುಚ್ಚುತ್ತೇನೆ. ಕೆಳಮನೆಯ ಬೆಕ್ಕು ಆ ಗಾಡಿಯ ಹಿಂದೆಯೇ ಓಡುತ್ತಿತ್ತು. ಈಗ ಅದನ್ನು ಬಿಟ್ಟು, ನಾನು ಸೀಸೆ ತೆಗೆಯುವ ವೇಳೆಗೆ ಸರಿಯಾಗಿ ನನ್ನ ಕಾಲ ಬಳಿ ಬಂದು ಕೂರತೊಡಗಿತು.

“ಸಹವಾಸದಿಂದ ಸನ್ಯಾಸಿ ಕೆಟ್ಟ ಅಂತಾರೆ. ನೋಡು, ನನ್ನ ಸಹವಾಸದಿಂದ ಬೆಕ್ಕು ಸುಧಾರಿಸಿತು” ಎಂದು ಹೆಂಡತಿಗೆ ಹೇಳಿದೆ.

ಎರಡು ತಿಂಗಳು ಹೀಗೇ ನಡೆಯಿತು. ರಕ್ತಪರೀಕ್ಷೆಯ ಹಿಂದಿನ ದಿನ ಅವಳಿಗೆ ಅದೇನು ಅನುಮಾನ ಬಂತೋ, ಸೀಸೆಯ ಮೇಲಿನ ಬೆಲೆಯ ಚೀಟಿಯನ್ನು ಉಗುರಿನಿಂದ ಕೆರೆದಳು. ಅಡಿಯಲ್ಲಿ ಮಾಂಸಾಹಾರದ ಕಂದು ಗುರುತು. ಪಕ್ಕದಲ್ಲೇ ‘ಮೀನಿನ ಎಣ್ಣೆ’ ಎಂಬ ಇಂಗ್ಲಿಷ್ ಅಕ್ಷರ.

ಮೂರು ಸಲ ಸ್ನಾನ ಮಾಡಿದೆ. ನಾಲ್ಕನೆಯದಕ್ಕೆ ಹೊರಟಾಗ ಹೆಂಡತಿ ತಡೆದಳು.

“ಸಾಕು ಬನ್ನಿ. ಬೆಕ್ಕು ಓದಿಕೊಂಡಿದ್ದನ್ನ ನೀವು ಓದಲಿಲ್ಲ, ಅಷ್ಟೇ.”

೪. ಡಾಕ್ಟರ ಮುಂದೆ

ರಿಪೋರ್ಟು ನೋಡಿ ಡಾಕ್ಟರ ಮುಖ ಅರಳಿತು. ಕೊಬ್ಬು ಚೆನ್ನಾಗಿ ಇಳಿದಿತ್ತು. ನನ್ನ ತುಪ್ಪ ಉಳಿಯಿತು.

“ಸೂಪರ್ ಸಾರ್. ಏನು ತೊಗೊಂಡ್ರಿ? ಅದನ್ನು ಮಾತ್ರ ನಿಲ್ಲಿಸಬೇಡಿ” ಎಂದರು.

ನಾನು ಗೋಡೆಯ ಕ್ಯಾಲೆಂಡರು ನೋಡುತ್ತ, “ಸೊಪ್ಪು ಡಾಕ್ಟರ್, ಬರೀ ಸೊಪ್ಪು” ಎಂದೆ. ಅವರು ಅದನ್ನೇ ಚೀಟಿಯಲ್ಲಿ ಬರೆಯತೊಡಗಿದರು.

ಪಕ್ಕದಲ್ಲಿದ್ದ ಹೆಂಡತಿ ಕನ್ನಡದಲ್ಲಿ ಮೆಲ್ಲಗೆ ಅಂದಳು: “ಸೊಪ್ಪಿಗೆ ಬಾಲ ಇತ್ತು ಅಂತಾನೂ ಬರೆಸಿ.”