ಹಣೆಗೊಂದು ಬೊಟ್ಟು, ಗ್ರೇಡು ಒಂಬತ್ತು

ಈ ಮನೆಯಲ್ಲಿ ಗ್ರೇಡ್ ಅಂದರೆ ಏನೆಂದು ಒಬ್ಬರಿಗೂ ತಿಳಿದಿಲ್ಲ, ತಿಳಿಸಿಯೇ ತೀರುತ್ತೇನೆ ಎಂದು ಮಹಾಂತೇಶ ಒಂದು ಭಾನುವಾರ ಬೆಳಿಗ್ಗೆ ಮಂಡಕ್ಕಿ ಒಗ್ಗರಣೆಯ ತಟ್ಟೆಯನ್ನು ಕೈಯಲ್ಲಿ ಹಿಡಿದೇ ಘೋಷಿಸಿದ. ಹೊಸಪೇಟೆ ಪಕ್ಕದ ಟಿ.ಬಿ. ಡ್ಯಾಂನ ಆ ಬಾಡಿಗೆ ಮನೆಯಲ್ಲಿ ಘೋಷಣೆ ಕೇಳಲು ಇದ್ದವರು ಇಬ್ಬರೇ, ಹೆಂಡತಿ ಗಂಗೋತ್ರಿ ಮತ್ತು ತಾಯಿ ಜಂಬವ್ವ. ಗಂಗೋತ್ರಿ ಮಿರ್ಚಿ ಕರಿಯುತ್ತಿದ್ದಳು. ಜಂಬವ್ವ ಬತ್ತಿ ಹೊಸೆಯುತ್ತಿದ್ದಳು. ಇಬ್ಬರೂ ತಲೆ ಎತ್ತಲಿಲ್ಲ.

ಗ್ರೇಡಿನ ವಿಷಯದಲ್ಲಿ ಮಾತಾಡುವ ಹಕ್ಕು ಅವನಿಗೆ ಇತ್ತು ಎನ್ನಿ. ಯಶವಂತನಗರದ ಗಣಿ ಕಂಪನಿಯೊಂದರ ಲ್ಯಾಬಿನಲ್ಲಿ ಅದಿರಿಗೆ ಗ್ರೇಡ್ ಕೊಡುವುದೇ ಅವನ ಉದ್ಯೋಗ. ಲಾರಿ ಬಂದು ನಿಂತಿತೆಂದರೆ ಒಂದಿಷ್ಟು ಅದಿರು ತೆಗೆದು, ಪುಡಿ ಮಾಡಿ, ಪರೀಕ್ಷಿಸಿ, ಕಬ್ಬಿಣ ನೂರಕ್ಕೆ ಇದರಲ್ಲಿ ಅರವತ್ತೆರಡು, ಇದರಲ್ಲಿ ಐವತ್ತೆಂಟು ಎಂದು ಬರೆದು ಸಹಿ ಹಾಕುತ್ತಾನೆ. ಆಮೇಲೆ ಬ್ರಹ್ಮ ಬಂದರೂ ಅದನ್ನು ಬದಲಾಯಿಸುವಂತಿಲ್ಲ. "ಸಾಹೇಬ್ರ, ಕಣ್ಣಿಲೆ ಒಂದ್ಸಲ ಅದಿರು ನೋಡ್ರಿ, ಹೆಂಗ ಹೊಳಿತೈತಿ" ಎಂದು ಲಾರಿ ಮಾಲೀಕ ಮಾರೆಪ್ಪ ಗೋಗರೆದರೆ, "ಕಣ್ಣಿಗೇನು ಗೊತ್ತಾಗ್ತೈತಿ ಮಾರೆಪ್ಪ? ರಿಪೋರ್ಟ್ ನೋಡು" ಎನ್ನುವುದು ಇವನ ಕಾಯಂ ಉತ್ತರ. ಲಾರಿಯ ಮೇಲಿಂದ ತೆಗೆದ ಅದಿರಿಗೆ ಒಂದು ಗ್ರೇಡು, ತಳದಿಂದ ತೆಗೆದದ್ದಕ್ಕೆ ಇನ್ನೊಂದು ಬರುತ್ತದೆ ಎಂಬುದು ಅವನಿಗೂ ಗೊತ್ತು. ಆದರೆ ಸುಳ್ಳು ಗ್ರೇಡಿಗೆ ಒಮ್ಮೆಯೂ ಸಹಿ ಹಾಕಿದವನಲ್ಲ. ಆ ಹೆಮ್ಮೆ ಎಷ್ಟಿತ್ತೆಂದರೆ ಮನೆಗೆ ಬಂದ ಮೇಲೂ ಕೆಲಸ ನಿಲ್ಲುತ್ತಿರಲಿಲ್ಲ. ಸಾರಿಗೆ ಗ್ರೇಡು, ಚಟ್ನಿಗೆ ಗ್ರೇಡು, ಹಬ್ಬಕ್ಕೆ ಮಾವನವರು ಕೊಟ್ಟ ಪಂಚೆಗೂ ಗ್ರೇಡು.

ಅವತ್ತಿನ ಘೋಷಣೆಗೆ ಕಾರಣ ಒಂದು ಕಾರ್ಡು. ಚಿಕ್ಕವನಿದ್ದಾಗ ಗಾದಿಗನೂರಿನಲ್ಲಿ ಶಾಲೆಗೆ ಹೋಗುವಾಗ ಚೂಯಿಂಗ್ ಗಮ್ ಜೊತೆ ಪುಕ್ಕಟೆ ಬರುತ್ತಿದ್ದ ಕ್ರಿಕೆಟ್ ಆಟಗಾರನ ಚಿತ್ರದ ಕಾರ್ಡು ಅದು. ಹಳೆಯ ಟ್ರಂಕಿನಲ್ಲಿ, ಕಂಪಾಸ್ ಬಾಕ್ಸಿನೊಳಗೆ ಒಂದು ಮಡಿಕೆಯೂ ಇಲ್ಲದೆ ಮಲಗಿತ್ತು. ಮೊಬೈಲಿನಲ್ಲಿ ನೋಡಿದರೆ ಅಂಥದೇ ಕಾರ್ಡನ್ನು ಯಾರೋ ಪುಣ್ಯಾತ್ಮ ಲಕ್ಷಗಟ್ಟಲೆ ಕೊಟ್ಟು ಕೊಂಡಿದ್ದಾನೆ! ಆದರೆ ಬರೀ ಕಾರ್ಡಿಗೆ ಆ ಬೆಲೆ ಇಲ್ಲ. ಮುಂಬೈಯಲ್ಲಿ ಒಂದು ಕಂಪನಿ ಇದೆ. ಕಾರ್ಡು ಕಳಿಸಿದರೆ ಅದರ ಅಂಚು, ಮೂಲೆ, ಬಣ್ಣ ಎಲ್ಲವನ್ನೂ ಭೂತಗನ್ನಡಿ ಇಟ್ಟು ನೋಡಿ, ಹತ್ತಕ್ಕೆ ಇಷ್ಟು ಎಂದು ಗ್ರೇಡ್ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲ್ ಮಾಡಿ ವಾಪಸ್ ಕಳಿಸುತ್ತದೆ. ಬೆಲೆ ಬರುವುದು ಆಮೇಲೆ.

"ಹಂಗಾರ ದುಡ್ಡು ಕಾರ್ಡಿಗೋ, ಡಬ್ಬಿಗೋ?" ಎಂದಳು ಗಂಗೋತ್ರಿ.

"ಗ್ರೇಡಿಗೆ. ಈ ದುಡ್ಡು ಬಂತಂದ್ರ ಹೊಸಪೇಟಿಯಾಗ ಆ ಅಂದಾನಪ್ಪನ ಸೈಟಿಗೆ ಮುಂಗಡ ಕೊಡ್ತೀನಿ. ಮಳಿ ಬಂದಾಗ ಅಡಿಗಿ ಮನಿಯಾಗ ಬಕೆಟ್ ಇಡೋದು ತಪ್ಪತೈತಿ ನಿನಗ."

ಗಂಗೋತ್ರಿ ಒಲೆ ಸಣ್ಣ ಮಾಡಿ ಹತ್ತಿರ ಬಂದಳು. ಸೋರದ ಸೂರಿನ ಸ್ವಂತ ಅಡಿಗೆ ಮನೆ ಬೇಕೆಂದು ಮದುವೆಯಾದಾಗಿನಿಂದ ಕೇಳುತ್ತಿದ್ದವಳು, ಕಾರ್ಡಿನ ಆಟಗಾರನ ಮುಖವನ್ನು ಈಗ ಬಲು ಗೌರವದಿಂದ ನೋಡಿದಳು.

"ಯಾರೂ ಮುಟ್ಟಬ್ಯಾಡ್ರಿ. ಇದು ನಮ್ಮ ಮನಿ ಲಕ್ಷ್ಮಿ" ಎಂದು ಮಹಾಂತೇಶ ಅದನ್ನು ತೆಳ್ಳನೆಯ ಪ್ಲಾಸ್ಟಿಕ್ ಕವರಿಗೆ ಸೇರಿಸಿ ಅಲಮಾರಿಯಲ್ಲಿಟ್ಟ. ಜಂಬವ್ವ ಮೊದಲನೇ ಮಾತನ್ನು ಬಿಟ್ಟು ಎರಡನೆಯದನ್ನು ಮಾತ್ರ ಕೇಳಿಸಿಕೊಂಡಳು.

ಶುಕ್ರವಾರ ಬೆಳಿಗ್ಗೆ ಹೊತ್ತಾಯಿತೆಂಬ ಅವಸರದಲ್ಲಿ ಅವನು ಕಾರ್ಡನ್ನು ತಿರುಗಿಸಿಯೂ ನೋಡದೆ ಕವರಿನ ಸಮೇತ ಪೊಟ್ಟಣ ಕಟ್ಟಿ, ಬಸ್ ಸ್ಟ್ಯಾಂಡ್ ಹತ್ತಿರದ ಕೊರಿಯರ್‌ನವನ ಕೈಗೆ ಒಪ್ಪಿಸಿ, ಓಡಿ ಹೋಗಿ ಕಂಪನಿ ಬಸ್ಸು ಹಿಡಿದ. ಸಂಜೆ ಮನೆಗೆ ಬಂದರೆ ಜಂಬವ್ವ ಕೈಗೆ ಪ್ರಸಾದ ಹಾಕಿದಳು.

"ಕಳಿಸಿ ಬಂದ್ಯಾ? ಚಲೋ ಆತು. ನೀನು ಜಳಕಕ್ಕ ಹೋದಾಗ ಪೂಜಿ ಮಾಡಿ, ಹಣಿಗೆ ಒಂದು ಬೊಟ್ಟು ಹಚ್ಚೀನಿ. ಲಕ್ಷ್ಮಿನ್ನ ಬೋಳು ಹಣಿಲೆ ಕಳಸ್ತಾರೇನು?"

ಮಹಾಂತೇಶನ ಬಾಯಲ್ಲಿದ್ದ ಬಾಳೆಹಣ್ಣು ಅಲ್ಲೇ ನಿಂತಿತು. "ಯವ್ವಾ, ಪ್ಲಾಸ್ಟಿಕ್ ಮ್ಯಾಲೆ ಹಚ್ಚಿದಿ ಹೌದಲ್ಲ?"

"ಪ್ಲಾಸ್ಟಿಕ್ಕಿಗೆ ಯಾರಾರ ಬೊಟ್ಟು ಹಚ್ತಾರೇನಲೇ? ಹೊರಗ ತಗದು ಹಸಿ ಕುಂಕುಮ ಹಚ್ಚಿ, ಆರಿದ ಮ್ಯಾಲೆ ಹೊಳ್ಳಿ ಒಳಗ ಹಾಕೀನಿ. ಅಷ್ಟೂ ತಿಳ್ಯಂಗಿಲ್ಲೇನು ನನಗ?"

ಅವನು ಚಪ್ಪಲಿ ಹಾಕದೆ ಕೊರಿಯರ್ ಆಫೀಸಿಗೆ ಓಡಿದ. ಪೊಟ್ಟಣ ಮಧ್ಯಾಹ್ನವೇ ಹುಬ್ಬಳ್ಳಿ ದಾಟಿತ್ತು. ಮುಂಬೈ ಕಂಪನಿಗೆ ಫೋನ್ ಮಾಡಿದರೆ ಒಂದು ಹೆಣ್ಣು ಧ್ವನಿ ಇಂಗ್ಲಿಷಿನಲ್ಲಿ ಒಂದು ಒತ್ತಿ, ಎರಡು ಒತ್ತಿ ಎಂದು ಹೇಳಿ, ಒತ್ತಿದ ಮೇಲೆ ಸಂಗೀತ ಕೇಳಿಸಿತು. ಬರಿಗಾಲಲ್ಲೇ ಮನೆಗೆ ಮರಳಿದ. ತಾಯಿಯ ಮೇಲೆ ರೇಗಬೇಕೆಂದು ಬಾಯಿ ತೆರೆದರೆ, ಮಗನ ಕೆಲಸಕ್ಕೆ ತಾನೂ ಒಂದಿಷ್ಟು ಕೈ ಹಚ್ಚಿದೆ ಎಂಬ ಸಂತೋಷದಲ್ಲಿ ಮುದುಕಿ ಅವನಿಗೇ ಬೀಸಣಿಗೆ ಬೀಸುತ್ತಿದ್ದಳು. ಪಾಪ ಎನ್ನಿಸಿ ಬಾಯಿ ಮುಚ್ಚಿಕೊಂಡ.

"ಎಷ್ಟು ಬರಬೌದು ಗ್ರೇಡು?" ಎಂದು ಗಂಗೋತ್ರಿ ಮೆಲ್ಲಗೆ ಕೇಳಿದಳು.

"ಸೊನ್ನಿಗಿಂತ ಕೆಳಗ ಏನಾರ ಇದ್ರ ಅದು ಬರ್ತೈತಿ."

ತಿಂಗಳ ಮೇಲೆ ಡಬ್ಬಿ ಬಂತು. ಮೂವರೂ ಸುತ್ತ ಕುಳಿತು ಬಿಚ್ಚಿದರು. ಒಳಗೆ ಆಟಗಾರ ಬ್ಯಾಟು ಹಿಡಿದು, ಹುಬ್ಬಿನ ನಡುವೆ ಕುಂಕುಮವಿಟ್ಟುಕೊಂಡು, ಅರಿಸಿನ ಶಾಸ್ತ್ರಕ್ಕೆ ಕುಳಿತ ಮದುಮಗನಂತೆ ನಗುತ್ತಿದ್ದ. ಮೇಲಿನ ಚೀಟಿಯಲ್ಲಿ ಒಂಬತ್ತು ಎಂದಿತ್ತು. ಮಹಾಂತೇಶ ತಲೆಕೆಳಗಾಗಿ ಹಿಡಿದಿದ್ದೇನೆಯೇ, ಇದು ಆರೇ ಎಂದು ತಿರುಗಿಸಿ ನೋಡಿದ. ಒಂಬತ್ತೇ. ಜೊತೆಗಿದ್ದ ಸರ್ಟಿಫಿಕೇಟಿನಲ್ಲಿ, ಕಾರ್ಖಾನೆಯ ಮುದ್ರಣ ದೋಷದಿಂದ ಹಣೆಯಲ್ಲಿ ಕೆಂಪು ಚುಕ್ಕೆ ಮೂಡಿದ ಅಪರೂಪದ ಕಾರ್ಡು, ಜಗತ್ತಿನಲ್ಲಿ ಈವರೆಗೆ ಕಂಡದ್ದು ಇದೊಂದೇ ಎಂದು ಬರೆದು, ಮುದ್ರೆ ಒತ್ತಿ, ಸಹಿ ಹಾಕಿದ್ದರು.

"ಅಂದ್ರ ಬೊಟ್ಟಿಗೆ ರೇಟು ಹೆಚ್ಚಾತೇನು?" ಎಂದಳು ಗಂಗೋತ್ರಿ.

ಮೂರು ಪಟ್ಟು ಹೆಚ್ಚಾಗಿತ್ತು. ಮಾರಾಟಕ್ಕಿದೆ ಎಂದು ಮೊಬೈಲಿನಲ್ಲಿ ಅದರ ಫೋಟೋ ಹಾಕಿದ ದಿನವೇ ಕಂಪ್ಲಿಯಿಂದ ಲಿಂಗರಾಜ್ ಎಂಬಾತ ಫೋನ್ ಮಾಡಿದ. ಅಕ್ಕಿ ಗಿರಣಿಯ ಮಾಲೀಕ, ಕಾರ್ಡು ಕೂಡಿಸುವುದೇ ಹುಚ್ಚು. ಭಾನುವಾರ ದುಡ್ಡು ತಂದೇ ಬರುತ್ತೇನೆ, ಬೇರೆ ಯಾರಿಗೂ ಕೊಡಬೇಡಿ ಎಂದ.

ಭಾನುವಾರದವರೆಗೆ ಮಹಾಂತೇಶನೊಳಗೆ ಎರಡು ಬೆಂಚಿನ ಕೋರ್ಟು ನಡೆಯಿತು. ಸುಳ್ಳು ಹೇಳಿದವನು ನಾನಲ್ಲ, ಕಂಪನಿ ಎಂದು ಒಂದು ಬೆಂಚು. ಹಾಗಾದರೆ ಮಾರೆಪ್ಪ ಅದಿರಿಗೆ ಕುಂಕುಮ ಬಳಿದು ತಂದರೆ ಅರವತ್ತೆರಡು ಬರೆಯುತ್ತೀಯಾ ಎಂದು ಇನ್ನೊಂದು. ಅಂದಾನಪ್ಪನ ಸೈಟಿನಲ್ಲಿ ಗಂಗೋತ್ರಿ ಆಗಲೇ ಹೋಗಿ, ಒಲೆ ಇಲ್ಲಿ, ಸಿಂಕು ಇಲ್ಲಿ ಎಂದು ಕಾಲಿನಿಂದ ಗೆರೆ ಎಳೆದು ಬಂದಿದ್ದಳು. ಹಾಗಾಗಿ ಮೊದಲನೇ ಬೆಂಚು ಗೆದ್ದಿತು. ಬಾಯಿ ಬಿಡುವುದಿಲ್ಲ ಎಂದು ಅವನು ನಿರ್ಧರಿಸಿದ.

ಲಿಂಗರಾಜ್ ಬಂದ. ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದ. ಜೇಬಿನಿಂದ ತನ್ನದೂ ಒಂದು ಕಾರ್ಡು ತೆಗೆದು, ಕವರು ಬಿಚ್ಚಿ ಟೀಪಾಯಿಯ ಮೇಲಿಟ್ಟ. ಅದೇ ಆಟಗಾರ, ಇನ್ನೂ ಗ್ರೇಡಿಗೆ ಕಳಿಸಿಲ್ಲ. ಎರಡನ್ನೂ ಪಕ್ಕದಲ್ಲಿಟ್ಟು ಹೋಲಿಸಿ, ಆಹಾ ಎಂದು ತಲೆದೂಗಿ, ದುಡ್ಡಿನ ಬ್ಯಾಗಿನ ಜಿಪ್ಪು ಎಳೆದ.

"ಇಲ್ಲೊಂದು ಸಹಿ ಹಾಕ್ರಿ ಸರ. ಕಾರ್ಡು ಅಸಲಿ ಅಂತ, ನನ್ನ ಸಮಾಧಾನಕ್ಕ."

ಸಹಿ ಎಂದ ಕೂಡಲೇ ಮಹಾಂತೇಶ ಅಭ್ಯಾಸದಂತೆ ಪೆನ್ನು ತೆಗೆದ. ಪೆನ್ನು ಮುಂದೆ ಹೋಗಲೊಲ್ಲದು. ಹೆಂಡತಿಯ ಮುಖ ನೋಡಿದ. ಅವಳು ಬ್ಯಾಗನ್ನು ನೋಡಿದಳು, ಅವನನ್ನು ನೋಡಿದಳು, ನಿಟ್ಟುಸಿರು ಬಿಟ್ಟು, "ಹೇಳಿಬಿಡ್ರಿ. ಇಲ್ಲಾಂದ್ರ ರಾತ್ರಿ ನಿದ್ದಿ ಮಾಡಂಗಿಲ್ಲ ನೀವು, ನನಗೂ ಮಾಡಗೊಡಂಗಿಲ್ಲ" ಎಂದಳು.

"ಲಿಂಗರಾಜ್ ಅವರ, ಅದು ಪ್ರಿಂಟಿನ ತಪ್ಪಲ್ಲ. ನಮ್ಮವ್ವ ಹಚ್ಚಿದ ಕುಂಕುಮ" ಎಂದ ಮಹಾಂತೇಶ. ಅವನ ಎದೆಯ ಮೇಲಿಂದ ಒಂದು ಲಾರಿ ಅದಿರು ಇಳಿಯಿತು.

ಲಿಂಗರಾಜ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಮಾರಾಕ ಮನಸ್ಸಿಲ್ಲದಂಗ ಮಾಡಿ ರೇಟು ಏರಿಸಾಕ ಹಿಂಗೂ ಒಂದು ದಾರಿ ಐತೇನು ಸರ? ಆತು ಬಿಡ್ರಿ, ಇನ್ನೊಂದಿಷ್ಟು ಹೆಚ್ಚಿಗಿ ಕೊಡ್ತೀನಿ."

"ಖರೇನ ಹೇಳ್ತೀನ್ರೀ. ಕಣ್ಣಿಲೆ ನೋಡ್ರಿ ಬೇಕಾರ."

"ಕಣ್ಣಿಗೇನು ಗೊತ್ತಾಗ್ತೈತಿ ಸರ? ಸರ್ಟಿಫಿಕೇಟ್ ನೋಡ್ರಿ. ಅಷ್ಟು ದೊಡ್ಡ ಕಂಪನಿ ಭೂತಗನ್ನಡಿ ಇಟ್ಟು ಮಷಿನ್ನಿನ ತಪ್ಪು ಅಂತ ಬರದೈತಿ. ನಮ್ಮ ಮನಿಯಾಗ ಒಂದು ಗೋಡಿ ತುಂಬ ಅವರು ಗ್ರೇಡ್ ಕೊಟ್ಟ ಕಾರ್ಡು ಅದಾವು. ಅವರನ್ನ ಬಿಟ್ಟು ನಿಮ್ಮನ್ನ ನಂಬ್ಲೇನು?"

ಮಾರೆಪ್ಪ ಇದನ್ನು ಕೇಳಿದ್ದರೆ ಊರಿಗೆಲ್ಲ ಪೇಢೆ ಹಂಚುತ್ತಿದ್ದ. ಮಹಾಂತೇಶ ಪೆನ್ನಿನ ಮುಚ್ಚಳ ಹಾಕಿ ಕುಳಿತ. ಆದರೆ ಜಂಬವ್ವ ಅಷ್ಟು ಸುಲಭಕ್ಕೆ ಕೂರುವವಳಲ್ಲ. ದೇವರ ಕೋಣೆಯಿಂದ ಕುಂಕುಮದ ಬಟ್ಟಲು ಹಿಡಿದೇ ಬಂದಳು.

"ಏನಂದೆಪ್ಪಾ? ನಾ ಹಚ್ಚಿದ್ದನ್ನ ಮಷಿನ್ನು ಹಚ್ಚೈತಾ? ಈ ಕೈಲೆ ಎಷ್ಟು ಮದುಮಕ್ಕಳಿಗೆ ಬೊಟ್ಟಿಟ್ಟೀನಿ ಗೊತ್ತೈತೇನು? ನೋಡಿಲ್ಲಿ."

ಯಾರಾದರೂ ತಡೆಯುವ ಮೊದಲೇ ಉಂಗುರ ಬೆರಳನ್ನು ಕುಂಕುಮದಲ್ಲಿ ಅದ್ದಿ, ಟೀಪಾಯಿಯ ಮೇಲೆ ಬಿದ್ದಿದ್ದ ಲಿಂಗರಾಜನ ಕಾರ್ಡಿನ ಹಣೆಗೆ ನಿಧಾನವಾಗಿ, ದುಂಡಗೆ, ಒಂದು ಬೊಟ್ಟು ಇಟ್ಟಳು.

ಲಿಂಗರಾಜ್ ಎರಡೂ ಕಾರ್ಡುಗಳನ್ನು ಬಹಳ ಹೊತ್ತು ನೋಡಿದ. ಇನ್ನು ಕೂಗಾಡುತ್ತಾನೆ ಎಂದು ಗಂಗೋತ್ರಿ ನೀರಿನ ಲೋಟ ಹಿಡಿದು ನಿಂತಳು. ಅವನು ಕೂಗಾಡಲಿಲ್ಲ. ತನ್ನ ಕಾರ್ಡನ್ನು ಎತ್ತಿ, ಬೊಟ್ಟು ಆರುವವರೆಗೆ ಉಫ್ ಉಫ್ ಎಂದು ಊದಿ, ಜೋಪಾನವಾಗಿ ಕವರಿಗೆ ಸೇರಿಸಿ, ದುಡ್ಡಿನ ಬ್ಯಾಗಿನ ಜಿಪ್ಪನ್ನು ಮತ್ತೆ ಎಳೆದು ಮುಚ್ಚಿದ.

"ನಿಮ್ಮ ಮಾತು ನಂಬಿದೆ ಸರ" ಎಂದ.

"ಮತ್ತ ವ್ಯಾಪಾರ?"

"ಈಗ ನಂದೂ ಕೆಂಪು ಚುಕ್ಕಿದ ಆತಲ್ಲ. ನಿಮ್ಮದು ಯಾಕ ಕೊಳ್ಳಲಿ?" ಎಂದು ಹೇಳಿ, ಜಂಬವ್ವನ ಕಾಲಿಗೆ ಎರಡೂ ಕೈಯಿಂದ ನಮಸ್ಕಾರ ಮಾಡಿ, ಕಂಪ್ಲಿಯ ದಾರಿ ಹಿಡಿದ.

ಗಂಗೋತ್ರಿ ಮೂರು ದಿನ ಗಂಡನೊಡನೆ ಮಾತಾಡಲಿಲ್ಲ. ನಾಲ್ಕನೇ ದಿನ, "ಸಹಿ ಹಾಕದಿದ್ದದ್ದು ಚಲೋ ಆತು ಬಿಡ್ರಿ" ಎಂದಳು. ಆದರೆ ಅಂದಾನಪ್ಪನ ಸೈಟಿನ ಬೀದಿಯಲ್ಲಿ ಓಡಾಡುವುದನ್ನು ಬಿಟ್ಟಳು.

ತಿಂಗಳು ಕಳೆದು ಲಿಂಗರಾಜನಿಂದ ಒಂದು ಫೋಟೋ ಬಂತು. ಅವನ ಕಾರ್ಡಿಗೆ ಹತ್ತಕ್ಕೆ ಹತ್ತು! ಕೆಂಪು ಚುಕ್ಕೆಯ ಕಾರ್ಡುಗಳು ಈವರೆಗೆ ಕಂಡದ್ದು ಎರಡು, ಅವುಗಳಲ್ಲಿ ಇದೇ ಉತ್ತಮ ಎಂದು ಸರ್ಟಿಫಿಕೇಟ್ ಹೇಳುತ್ತಿತ್ತು. ಮಹಾಂತೇಶನ ಕಾರ್ಡಿನ ಬೆಲೆ ಆ ಸಂಜೆಯೇ ನೆಲ ಕಚ್ಚಿತು. ಅವನು ಕಂಪನಿಯ ಮೂರು ತಲೆಮಾರನ್ನು ಬೈಯಲು ಶುರು ಮಾಡಿದ.

ಜಂಬವ್ವ ಕನ್ನಡಕ ಏರಿಸಿ ಮೊಬೈಲಿನಲ್ಲಿ ಆ ಕಾರ್ಡು ನೋಡಿದಳು, ಡಬ್ಬಿಯಲ್ಲಿ ಈ ಕಾರ್ಡು ನೋಡಿದಳು.

"ಯಾಕ ಬೈತೀಯಲೇ ಅವರನ್ನ? ನಿಂದಕ್ಕ ಅವಸರದಾಗ ಹಚ್ಚಿದ್ದೆ, ಬೊಟ್ಟು ಒಂಚೂರು ಎಡಕ್ಕ ಹೋಗೈತಿ. ಅದಕ್ಕ ಸರಿಯಾಗಿ ಒಂದು ಮಾರ್ಕು ಕಡಿಮಿ ಕೊಟ್ಟಾರ. ಭಾಳ ಶಾಣ್ಯಾ ಮಂದಿ ಅವರು."