ಕಟ್ಟಿಗೆಯಲ್ಲಿ ಕೂತ ಸಹಿ

ಶ್ರೀಪಾಲ ಅಣ್ಣಾನ ಸಹಿ ಮೂರನೆಯ ಸಲ ಕಳೆದುಹೋದದ್ದು ನವರಾತ್ರಿಯ ಮೊದಲ ದಿನ, ಘಟಸ್ಥಾಪನೆಯಂದು.

ಇಚಲಕರಂಜಿಯ ಆ ಬಟ್ಟೆ ಪೇಢಿಯಲ್ಲಿ ಮಾಲೀಕರಾದ ಅಣ್ಣಾನ ಸಹಿ ಕಾಗದ ಬಿಟ್ಟು ಬಹಳ ದಿನವಾಗಿತ್ತು. ಅದೀಗ ಕಿರುಬೆರಳಿನಷ್ಟು ಉದ್ದದ ಪೆನ್‌ಡ್ರೈವಿನೊಳಗೆ ವಾಸವಾಗಿತ್ತು. ಅದನ್ನು ಕಂಪ್ಯೂಟರಿಗೆ ಚುಚ್ಚಿದರೆ ಟೆಂಡರಿಗೆ ಸಹಿ ಬೀಳುತ್ತದೆ. ಚುಚ್ಚುವ ಕೆಲಸ ಪೇಢಿಯ ಗುಮಾಸ್ತ ಬಸವಂತನದು. ಕಳೆಯುವ ಕೆಲಸವೂ ಅವನದೇ ಎಂದು ಪೇಢಿಯವರೆಲ್ಲ ಒಪ್ಪಿಕೊಂಡಿದ್ದರು. ಮೊದಲ ಸಲ ಅದು ಚಹಾದ ಬಶಿಯ ಕೆಳಗೆ ಸಿಕ್ಕಿತ್ತು, ಎರಡನೆಯ ಸಲ ಕಸ ಹೊಡೆಯುವ ಯಮುನವ್ವನ ಮೊರದಲ್ಲಿ. ಈ ಸಲ ಬಸವಂತನದೇ ಊಟದ ಡಬ್ಬಿಯಲ್ಲಿ, ಶೇಂಗಾ ಚಟ್ನಿಯ ಮಗ್ಗುಲಲ್ಲಿ ತಣ್ಣಗೆ ಮಲಗಿತ್ತು.

"ಬಸವಂತ, ದಸರಾಕ್ಕ ಗಡಹಿಂಗ್ಲಜದಾಗ ಹೊಸಾ ದುಕಾನ ತಗ್ಯಾಕತ್ತೇನಿ, ಗೊತ್ತೈತಿಲ್ಲೋ?" ಎಂದರು ಅಣ್ಣಾ. ಅವರು ಸಿಟ್ಟಿಗೆದ್ದಷ್ಟೂ ದನಿ ಮೆತ್ತಗಾಗುತ್ತಿತ್ತು. "ಇನ್ನೊಮ್ಮೆ ಇದು ಕಳೀತಂದ್ರ ನಿನ್ನ ಅಲ್ಲಿಗೇ ಕಳಸತೇನಿ. ಬಟ್ಟಿ ಮಡಚಕೋತ ಕುಂದ್ರು. ಬಟ್ಟಿ ಥಾನು ಏನ್ ಚಟ್ನಿ ಡಬ್ಬ್ಯಾಗ ಹೋಗಿ ಕುಂದ್ರೂದಿಲ್ಲ."

ಬಟ್ಟೆ ಮಡಚಲು ಬಸವಂತನ ತಕರಾರಿರಲಿಲ್ಲ. ತಕರಾರಿದ್ದುದು ಗಡಹಿಂಗ್ಲಜಕ್ಕೆ. ಅಲ್ಲಿ ಅವನ ಮಾವ ಪರಪ್ಪ ಮಾಸ್ತರರು ಇದ್ದರು. ನಿವೃತ್ತರಾಗಿ ಹತ್ತು ವರ್ಷವಾದರೂ ಶಾಲೆಯನ್ನು ಮನೆಗೆ ಹೊತ್ತು ತಂದವರು. ಅವರ ಮುಂದೆ ಉಣ್ಣಲು ಕೂತರೆ ತುತ್ತು ಎಷ್ಟು ಸಲ ಅಗಿಯಬೇಕೆಂಬುದಕ್ಕೂ ಪಾಠವಾಗುತ್ತಿತ್ತು. ಎರಡು ದಿನದ ಹಬ್ಬಕ್ಕೆ ಹೋಗಿ ಬಂದರೆ ಬಸವಂತ ನಾಲ್ಕು ಕಿಲೋ ಇಳಿದಂತೆ ಕಾಣುತ್ತಿದ್ದ. ಹೆಂಡತಿ ನೂತನಳಿಗೆ ಮಾತ್ರ ತವರಿನ ಹೆಸರು ಕೇಳಿದರೆ ಮುಖ ಹೋಳಿಗೆಯಂತೆ ಉಬ್ಬುತ್ತಿತ್ತು.

ಹಾಗಾಗಿ ಬಸವಂತ ನಿಶ್ಚಯಿಸಿದ: ಮೇಜಿನ ಮೇಲೆ ಒಂದು ಕಟ್ಟಿಗೆಯ ಸ್ಟ್ಯಾಂಡು ಬೇಕು. ಮೌಸಿಗೊಂದು ತಗ್ಗು, ಕನ್ನಡಕಕ್ಕೊಂದು ಸೀಳು, ಪೆನ್ನಿಗೆ ಮೂರು ತೂತು, ನಟ್ಟನಡುವೆ ಅಣ್ಣಾನ ಸಹಿಗೆ ಅಳತೆ ಮಾಡಿದ ಒಂದು ಗೂಡು.

ಖಂಡೇನವಮಿಯ ಬೆಳಿಗ್ಗೆ ಆಯುಧಪೂಜೆಗೆಂದು ಮಗ್ಗಗಳೆಲ್ಲ ನಿಂತಿದ್ದವು. ಇಡೀ ಊರು ಕಿವುಡಾದಂತಿತ್ತು. ಮಗ್ಗ ರಿಪೇರಿಯ ಜಾಬರ್ ಹಣಮಪ್ಪ ಪುರುಸೊತ್ತಾಗಿ ಸಿಕ್ಕ. ಗುಜರಿಗೆ ಹೋಗಲಿದ್ದ ಹಳೆಯ ಮಗ್ಗದ ಹಲಗೆಯೊಂದನ್ನು ಎಳೆದು ತಂದ. ನಲವತ್ತು ವರ್ಷ ಎಣ್ಣೆ ಕುಡಿದು ಕರಿಕಲ್ಲಿನಂತಾಗಿದ್ದ ಮರ.

"ಸಾಯಬ್ರ, ಕಾಳಜಿ ಬಿಡ್ರಿ. ಜಲ್ಮದಾಗ ಅಲಗಾಡಬಾರದು, ಹಂಗ ಮಾಡಿ ಕೊಡತೇನಿ."

ಹಣಮಪ್ಪ ಉಳಿ ಹಿಡಿಯುವಷ್ಟರಲ್ಲಿ ಯಮುನವ್ವ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಅಷ್ಟು ತೂತು ಹೊಡೀತೀರಿ, ಊದಿನಕಡ್ಡಿಗೊಂದು ಬ್ಯಾಡೇನೋ ತಮ್ಮಾ?" ಊದಿನಕಡ್ಡಿಗೊಂದು ತೂತು ಬಿತ್ತು. ಆಮೇಲೆ ಹಣಮಪ್ಪ, ಯಾರನ್ನೂ ಕೇಳದೆ, ತನ್ನ ಸುಣ್ಣದ ಡಬ್ಬಿಗೊಂದು ಗೂಡು ಕೊರೆದುಕೊಂಡ.

"ಈ ಡಬ್ಬಿ ನಿಂದಲ್ಲೇನೋ? ನನ್ನ ಟೇಬಲ್ ಮ್ಯಾಲೆ ಯಾಕ?" ಎಂದ ಬಸವಂತ.

"ನಾ ಬಂದಾಗ ಬೇಕಾಗತೈತ್ರಿ."

ಹನ್ನೊಂದಕ್ಕೆ ಸ್ಟ್ಯಾಂಡು ಸಿದ್ಧವಾಯಿತು. ಬಸವಂತ ಮುಖ ಒರೆಸಿಕೊಂಡು ಬರುವಷ್ಟರಲ್ಲಿ ಹಣಮಪ್ಪ ಪೆನ್‌ಡ್ರೈವನ್ನು ಗೂಡಿನಲ್ಲಿಟ್ಟು, ಮೇಲೆ ಅರಿವೆ ಹಾಕಿ, ಕೊಡತಿಯಿಂದ ಎರಡು ಏಟು ಹಾಕಿಬಿಟ್ಟಿದ್ದ. ಚುಚ್ಚುವ ತುದಿಯಷ್ಟೇ ಮೇಲಕ್ಕೆ ಇಣುಕುತ್ತಿತ್ತು.

"ಅಯ್ಯೋ! ಹೊಡದ್ಯೇನು? ಇನ್ನ ತಗಿಯೂದು ಹೆಂಗೋ?"

ಹಣಮಪ್ಪನಿಗೆ ಪ್ರಶ್ನೆಯೇ ತಿಳಿಯಲಿಲ್ಲ. "ತಗಿಯೂದು ಯಾಕ್ರಿ? ಮಗ್ಗದಾಗ ಸಡ್ಲ ಬಿಟ್ರ ಲಾಳಿ ಹಾರಿ ಕಣ್ಣಿಗೆ ಬಡೀತೈತಿ. ಮೂವತ್ತು ವರ್ಷದಾಗ ನಾ ಕೂರಿಸಿದ್ದು ಒಂದೂ ಎದ್ದಿಲ್ಲ ನೋಡ್ರಿ."

ಇದೂ ಏಳಲಿಲ್ಲ. ಉಗುರು ಸೋತಿತು, ಹಲ್ಲು ಸೋತಿತು. ಇಕ್ಕಳ ತಂದರೆ ಹಣಮಪ್ಪನೇ ತಡೆದ: "ಅಣ್ಣಾರ ಸಹೀನ ಮುರೀತೈತ್ರಿ." ಉಳಿದ ದಾರಿ ಒಂದೇ, ಗರಗಸ. ಶಾಲೆಯ ಸಮವಸ್ತ್ರದ ಟೆಂಡರಿಗೆ ಸಂಜೆ ಐದರೊಳಗೆ ಸಹಿ ಬೀಳಬೇಕಿತ್ತು. ಅಷ್ಟರಲ್ಲಿ ಸೀಳಿದರಾಯಿತೆಂದು ಇಬ್ಬರೂ ಶೆಡ್ಡಿಗೆ ಗರಗಸ ಹುಡುಕಲು ಓಡಿದರು.

ಗರಗಸ ಪೂಜೆಗೆ ಕೂತಿತ್ತು. ಅರಿಸಿನ ಕುಂಕುಮ ಹಚ್ಚಿಕೊಂಡು, ಮದುಮಗನ ಹಾಗೆ.

ತಿರುಗಿ ಬಂದರೆ ಸ್ಟ್ಯಾಂಡೂ ಪೂಜೆಗೆ ಕೂತಿತ್ತು. ಪೇಢಿಯ ಮೂಲೆಯಲ್ಲಿ ತಕ್ಕಡಿ, ಕತ್ತರಿ, ಗಜಕಡ್ಡಿಗಳ ನಡುವೆ ಯಮುನವ್ವ ಅದನ್ನು ಸ್ಥಾಪಿಸಿ, ಚೆಂಡುಹೂವು ಮುಡಿಸಿ, ಊದಿನಕಡ್ಡಿಯನ್ನು ಅದರದೇ ತೂತಿನಲ್ಲಿ ಸಿಗಿಸಿ ಕೈಮುಗಿದಿದ್ದಳು.

"ಯಮುನವ್ವಾ, ಅದನ್ನ ಎತ್ತಬೇಕಾಗೈತಿ!"

"ಎತ್ತತೀ? ಖಂಡೇಪೂಜಿಗೆ ಕುಂತದ್ದನ್ನ? ನಾಳೆ ಬನ್ನಿ ಮುಡದ ಮ್ಯಾಲೆ ಎತ್ತೂದು. ಅಣ್ಣಾರಿಗೆ ಹೇಳ್ಲೇನು?"

ಪೂಜೆಯಿಂದ ಬಿಟ್ಟುಹೋಗಿದ್ದುದು ಕಂಪ್ಯೂಟರ್ ಒಂದೇ. ಟೆಂಡರ್ ಮುಗಿಯುವವರೆಗೆ ಅದಕ್ಕೆ ಅಣ್ಣಾನೇ ವಿನಾಯಿತಿ ಕೊಟ್ಟಿದ್ದರು. ಸಹಿ ಕಂಪ್ಯೂಟರಿನ ಹತ್ತಿರ ಬಾರದಿದ್ದರೆ ಕಂಪ್ಯೂಟರೇ ಸಹಿಯ ಹತ್ತಿರ ಹೋಗಬೇಕು.

ನಾಲ್ಕೂಮುಕ್ಕಾಲಿಗೆ ಶ್ರೀಪಾಲ ಅಣ್ಣಾ ಒಳಗೆ ಬಂದಾಗ ಕಂಡ ದೃಶ್ಯ ಇದು: ಶೆಡ್ಡಿನಿಂದ ಎಳೆದ ವಾಯರು ಹಾವಿನಂತೆ ಹರಿದಿದೆ. ಹಣಮಪ್ಪ ತೊಡೆಯ ಮೇಲೆ ಕೀಬೋರ್ಡು ಇಟ್ಟುಕೊಂಡು ಕೂತಿದ್ದಾನೆ. ಬಸವಂತ ಪೂಜೆಯ ಮುಂದೆ ಮೊಣಕಾಲೂರಿ, ಕಂಪ್ಯೂಟರಿನ ಡಬ್ಬವನ್ನು ಎರಡೂ ಕೈಯಲ್ಲಿ ತಲೆಕೆಳಗಾಗಿ ಎತ್ತಿ, ಅಭಿಷೇಕದ ಕೊಡ ಹಿಡಿದವನಂತೆ, ಸ್ಟ್ಯಾಂಡಿನ ಮೇಲೆ ನಿಧಾನಕ್ಕೆ ಇಳಿಸುತ್ತಿದ್ದಾನೆ. ಬೆವರು ಮೂಗಿನ ತುದಿಯಿಂದ ಚೆಂಡುಹೂವಿನ ಮೇಲೆ ಬೀಳುತ್ತಿದೆ.

"ಹಾಂ, ಕುಂತತ್ರಿ!" ಎಂದ ಹಣಮಪ್ಪ, ಮೊಳೆ ಹೊಡೆಯುವಂತೆ ಕೀಲಿಯೊಂದನ್ನು ಗುದ್ದಿದ. ಐದಕ್ಕೆ ಮೂರು ನಿಮಿಷ ಇರುವಾಗ ಸಹಿ ಬಿತ್ತು.

ಅಣ್ಣಾ ಹತ್ತಿರ ಬಂದು, ಬಗ್ಗಿ, ಪೆನ್‌ಡ್ರೈವನ್ನು ಬೆರಳಿನಿಂದ ಅಲುಗಿಸಿ ನೋಡಿದರು. ಅಲುಗಲಿಲ್ಲ. ಬಸವಂತನ ಕಿವಿಯಲ್ಲಿ ಗಡಹಿಂಗ್ಲಜದ ಬಸ್ಸು ಹಾರ್ನು ಹೊಡೆಯಿತು.

"ಇದು ಹೊರಗ ಬರೂದಿಲ್ಲೇನು?"

"ಇ... ಇಲ್ರಿ ಅಣ್ಣಾರ."

"ಅಂದ್ರ ಕಳಿಯೂದೂ ಇಲ್ಲ." ಅಣ್ಣಾನ ಮುಖ ಅರಳಿತು. "ಲೈ ಭಾರಿ! ಎಂಥಾ ತೆಲಿ ಓಡಿಸೀಯೋ ಬಸವಂತ!"

ಬಸವಂತ ಬದುಕಿದ. ಒಂದು ಉಸಿರು ಬಿಡುವಷ್ಟು ಹೊತ್ತು.

"ಗಡಹಿಂಗ್ಲಜದ ದುಕಾನದಾಗ ಟೆಂಡರ್ ಕೆಲಸ ಚಾಲೂ ಮಾಡೂಣಂದ್ರ, ಸಹಿ ಹಾದ್ಯಾಗ ಎಲ್ಲಿ ಕಳದು ಹೋಕ್ಕೈತೋ ಅಂತ ಅಂಜತಿದ್ದೆ. ಇನ್ನ ಅಂಜಿಕಿಲ್ಲ. ನಾಳೆ ದಸರಾ ಮುಹೂರ್ತ. ಬನ್ನಿ ಮುಡದು ಇದನ್ನ ಅಲ್ಲಿಗೆ ಒಯ್ಯೂಣ."

"ಒಯ್ರಿ ಅಣ್ಣಾರ, ನಾ ಬ್ಯಾಡಂತೇನೇನು?"

"ಒಯ್ಯಾಂವ ನೀನ! ಕಂಪ್ಯೂಟರ್ ಹಿಂಗ ಡಬ್ಬ ಹಾಕಿ ಹಿಡಿಯಾಕ ಮತ್ಯಾರಿಗೆ ಬರತೈತಿ?"

ಅಷ್ಟರಲ್ಲಿ ಬಸವಂತನ ಫೋನು ಬಡಿದುಕೊಂಡಿತು. ಬಾಗಿಲಲ್ಲಿ ನಿಂತು ಎಲ್ಲ ಕೇಳಿದ್ದ ಯಮುನವ್ವ ಆಗಲೇ ನೂತನಳಿಗೆ ಸುದ್ದಿ ಮುಟ್ಟಿಸಲು ಹೊರಗೆ ಹೋಗಿದ್ದಳು. ನೂತನ ತವರಿಗೆ ಮುಟ್ಟಿಸಲು ಒಂದು ನಿಮಿಷವೂ ತೆಗೆದುಕೊಂಡಿರಲಿಲ್ಲ.

"ಅಳಿಯಂದಿರಽ," ಎಂದರು ಪರಪ್ಪ ಮಾಸ್ತರರು, ಹಾಜರಿ ಕೂಗುವ ದನಿಯಲ್ಲಿ. "ಖೋಲಿ ಸಾರಿಸಿ ಇಡತೇವಿ. ನಿಮ್ಮ ಟೇಬಲ್ಲು ನನ್ನ ಕುರ್ಚಿ ಎದುರಿಗೇ ಹಾಕಸತೇನಿ. ಮತ್ತ ಆ ಕಟ್ಟಿಗ್ಯಾಗ ನನ್ನ ರೂಲುಕಟ್ಟಿಗಿಗೂ ಒಂದು ತೂತು ಇರಲಿ."

ಪಕ್ಕದಲ್ಲಿ ಕಿವಿಗೊಟ್ಟಿದ್ದ ಹಣಮಪ್ಪ ಆಗಲೇ ಪೆನ್ಸಿಲ್ ಹುಡುಕುತ್ತಿದ್ದ.

"ದಪ್ಪ ಎಷ್ಟಂತ ಕೇಳ್ರಿ ಸಾಯಬ್ರ. ಗಟ್ಟಿ ಕೂರಿಸಿ ಕೊಡತೇನಿ."