ಲಕ್ವ ಹೊಡೆದವನ ಉಪಕಾರ

ನನಗೊಂದು ಚಾಳಿ ಇದೆ. ಯಾರಾದರೂ ಕಷ್ಟಪಡುತ್ತಿದ್ದರೆ ನೋಡಿಕೊಂಡು ಇರಲಾರೆ. ಬಸ್ಸಿಗೆ ಕಾಯುತ್ತಿದ್ದವರ ಪರವಾಗಿ ಕೈ ಅಡ್ಡ ಹಾಕಿ, ಅವರಿಗೆ ಬೇಡದ ಬಸ್ಸನ್ನೇ ನಿಲ್ಲಿಸಿಕೊಟ್ಟವನು ನಾನು. ಇದು ಗೊತ್ತಿಲ್ಲದೆ ನಮ್ಮ ಪಕ್ಕದ ಮನೆಯ ಶೈಲಜಾ ಮೇಡಂ ನನ್ನನ್ನು ಕರೆದರು. ಅವರು ಫಿಸಿಯೋಥೆರಪಿ ಕಾಲೇಜಿನಲ್ಲಿ ಪಾಠ ಹೇಳುತ್ತಾರೆ. "ನಮ್ಮ ಮಕ್ಕಳ ಪರೀಕ್ಷೆಗೆ ಒಬ್ಬರು ಪೇಶೆಂಟ್ ಬೇಕಿತ್ತು ಸಾರ್. ಎಡಗೈ ಎಡಗಾಲಿಗೆ ಲಕ್ವ ಹೊಡೆದವರ ಥರ ಮಲಗಿದ್ರೆ ಸಾಕು," ಅಂದರು. ಇಸ್ತ್ರಿ ಮಾಡಿದ ಷರಟು ಹಾಕಿಕೊಂಡು ಹೋಗಿ ಮಲಗಿದೆ.

ನನ್ನನ್ನು ಮಂಚದಿಂದ ಗಾಲಿಕುರ್ಚಿಗೆ ಕೂರಿಸಬೇಕಾದವಳು ಚಂದನಾ, ಕಡ್ಡಿಯಂಥ ಹುಡುಗಿ. ನೋಡಿ ತಪ್ಪು ಒಪ್ಪು ಹೇಳಬೇಕಾದವಳು ಅವಳ ಜೀವದ ಗೆಳತಿ, ಮಂಡಿ ಮೊಹಲ್ಲಾದ ನಗ್ಮಾ. ಪಾಸಾದರೆ ಚಂದನಾ ನಾಳೆ ಎಲ್ಲರ ಜೊತೆ ವಾರ್ಡಿಗೆ, ನಿಜವಾದ ರೋಗಿಗಳ ಹತ್ತಿರ. ಇಲ್ಲದಿದ್ದರೆ ಅವಳೊಬ್ಬಳು ಇಲ್ಲೇ. ಪಾಪ, ಅವಳು ನನ್ನ ಹೊಟ್ಟೆಯನ್ನೂ ತನ್ನ ತೋಳನ್ನೂ ಎರಡೆರಡು ಸಲ ನೋಡಿಕೊಂಡಳು. ನನ್ನ ಚಾಳಿ ಸುಮ್ಮನಿರಲಿಲ್ಲ. ಅವಳು ಸೊಂಟ ಹಿಡಿದು ಎತ್ತುತ್ತಿದ್ದಂತೆ, ಲಕ್ವ ಹೊಡೆದ ಕಾಲನ್ನೇ ಗಟ್ಟಿಯಾಗಿ ಊರಿ, ಎದ್ದು ಕುರ್ಚಿಯಲ್ಲಿ ಕೂತುಬಿಟ್ಟೆ. ಪುಣ್ಯ ಕಟ್ಟಿಕೊಂಡೆ ಅಂದುಕೊಂಡೆ.

ಮಾಡಿದವರೇ ಮೊದಲು ತಮ್ಮ ತಪ್ಪು ಒಪ್ಪು ಹೇಳಬೇಕಂತೆ. ಚಂದನಾ, "ಸರಿ ಬರ್ಲಿಲ್ಲ ಮೇಡಂ. ಅಂಕಲ್ ಭಾರ ನನ್ನ ಕೈಗೆ ಬರ್ಲೇ ಇಲ್ಲ," ಅಂದಳು. ಗೆಳತಿಯಾದರೂ ಕಾಪಾಡುತ್ತಾಳೆ ಎಂದು ನಗ್ಮಾಳ ಕಡೆ ನೋಡಿದೆ. ಅವಳ ಕಣ್ಣಲ್ಲಿ ನೀರು. "ಅಂಕಲ್ ತಾವೇ ಎದ್ಬುಟ್ರು ಕಣೆ. ವಾರ್ಡಲ್ಲಿರೋ ಅಜ್ಜಿಯಂಥೋರು ಹಂಗೆ ಏಳಲ್ಲ, ಬಿದ್ಬುಡ್ತಾರೆ. ನೀನಿನ್ನೂ ಹೋಗ್ಬಾರ್ದು."

ನಾನು ಬೆರಗಾಗಿ ಕೂತೆ. ಮುನಿಸಿಲ್ಲ, ಸಬೂಬಿಲ್ಲ. ಚಂದನಾ ಮೂಗು ಒರೆಸಿಕೊಂಡು, "ಎಲ್ಲಿ ತಪ್ಪಿದೆ, ತೋರ್ಸು," ಅಂದಳು. ಲಕ್ವದ ಕಾಲು ಕುಸಿಯದ ಹಾಗೆ ನಗ್ಮಾ ತನ್ನ ಮಂಡಿಯನ್ನು ನನ್ನ ಎಡಮಂಡಿಗೆ ಒತ್ತಿ ನಿಂತು ತೋರಿಸಿದಳು. ನಮ್ಮ ಆಫೀಸಿನಲ್ಲಿ ನಾವೆಲ್ಲ ಒಬ್ಬರಿಗೊಬ್ಬರು "ಫಸ್ಟ್ ಕ್ಲಾಸ್ ಸಾರ್" ಅಂದುಕೊಂಡೇ ರಿಟೈರಾದೆವು. ಈ ಮಕ್ಕಳಿಗೆ ಇಷ್ಟು ಧೈರ್ಯ ಎಲ್ಲಿಂದ ಬಂತೋ, ನನಗೆ ಇವತ್ತಿಗೂ ಆಶ್ಚರ್ಯ.

ಮೇಡಂ ಇನ್ನೊಂದು ಅವಕಾಶ ಕೊಟ್ಟರು. "ಅಂಕಲ್, ದಯವಿಟ್ಟು ಸಹಾಯ ಮಾಡ್ಬೇಡಿ," ಎಂದು ಚಂದನಾ ಕೈ ಮುಗಿದಳು. ಈ ಸಲ ಮಂಚದ ಮೇಲೆ ಅಕ್ಕಿಮೂಟೆಯ ಹಾಗೆ ಬಿದ್ದುಕೊಂಡೆ. ಆ ಕಡ್ಡಿ ಹುಡುಗಿ ನನ್ನ ಭಾರವನ್ನೆಲ್ಲ ತಾನು ಹೊತ್ತು, ಮೆಲ್ಲಗೆ ತಿರುಗಿಸಿ ಕೂರಿಸಿದಳು. "ಈಗ ಹೋಗು," ಅಂದಳು ನಗ್ಮಾ.

ಪೇಶೆಂಟೂ ತನ್ನ ಬಗ್ಗೆ ಹೇಳಬೇಕೆಂದರು ಮೇಡಂ. ಎರಡನೇ ಸಲ ಬಹಳ ಚೆನ್ನಾಗಿ ಮಾಡಿದೆ ಅಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಮನೆಗೆ ಬಂದು ಹೆಂಡತಿಗೆ, "ಒಂದು ಬೆರಳೂ ಅಲ್ಲಾಡಿಸದೆ ಪೂರ್ತಿ ಭಾರ ಬಿಟ್ಟು ಕೂತದ್ದಕ್ಕೆ ಚಪ್ಪಾಳೆ ಕಣೆ," ಅಂದೆ.

ಅವಳು ಬೇಳೆ ಆರಿಸುತ್ತಾ, ತಲೆ ಎತ್ತದೆ ಅಂದಳು: "ಮನೇಲಿ ದಿನಾ ಪ್ರಾಕ್ಟೀಸ್ ಆಗಿದೆಯಲ್ಲ ರೀ."